ತಂತಿ ಸುಮ್ಮನಾಯಿತು, ಕಾರು ನಿಲ್ಲಲಿಲ್ಲ

ವಾಹನಗಳ ವೈರಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ರೈಲಿನಲ್ಲಿ ಸಿಕ್ಕಾಗ ಕೇಳುತ್ತಾರೆ, "ಆಂಟಿ, ತುಂಬಾ ಕಷ್ಟಾನಾ?" ಎಂದು. ಕಷ್ಟವೇನಿಲ್ಲ, ಮಕ್ಕಳೇ. ಸಂಜೆಗೆ ಬೆನ್ನು ಹಿಡಿಯುತ್ತದೆ, ಬೆರಳ ತುದಿ ಒರಟಾಗಿ ರೇಷ್ಮೆ ಸೀರೆ ಮುಟ್ಟಿದರೆ ಎಳೆ ಕಿತ್ತು ಬರುತ್ತದೆ, ತಂತಿ ಬೆಸೆಯುವ ಸಾಲ್ಡರ್ ಹೊಗೆಗೆ ಊಟದ ರುಚಿ ಹೋಗುತ್ತದೆ. ಅದಕ್ಕೆಲ್ಲ ಒಗ್ಗಿಕೊಳ್ಳಬಹುದು. ನನಗೆ ಒಗ್ಗದೆ ಹೋದದ್ದು ಒಂದೇ: ಎಲ್ಲ ಸರಿಯಿದೆ ಎಂದು ತೋರಿಸಿಕೊಂಡೇ ಕೆಡುವ ಯಂತ್ರ. ಕೆಲಸ ಬಿಟ್ಟು ಇಷ್ಟು ಕಾಲವಾದರೂ ಯಾರಾದರೂ ಕಾರಿನಲ್ಲಿ ಕೂರಿಸಿಕೊಂಡರೆ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಬ್ರೇಕು ಅಲ್ಲೇ ಇದೆಯೇನೋ ಎಂಬಂತೆ.

ನಾನು ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆ ಬದಿಯ ಒಂದು ತಗಡಿನ ಶೆಡ್ಡು ಅದು. ಈಗ ಅಲ್ಲಿ ಮದುವೆ ಮಂಟಪವಿದೆ. ಜೀಪು, ವ್ಯಾನು, ಟ್ರ್ಯಾಕ್ಟರುಗಳಿಗೆ ಬೇಕಾದ ತಂತಿಯ ಗೊಂಚಲು ಕಟ್ಟಿಕೊಡುವುದು, ಕೆಟ್ಟ ಗಾಡಿಗಳ ವೈರಿಂಗ್ ರಿಪೇರಿ ಮಾಡುವುದು ನಮ್ಮ ಕೆಲಸ. ದೊಡ್ಡ ಹಲಗೆಯ ಮೇಲೆ ಮೊಳೆ ಹೊಡೆದಿರುತ್ತಿದ್ದರು. ಮೊಳೆಯಿಂದ ಮೊಳೆಗೆ ಬಣ್ಣಬಣ್ಣದ ತಂತಿ ಎಳೆದು, ಮೇಣದ ದಾರದಲ್ಲಿ ಕಟ್ಟಿ, ಕಪ್ಪು ಟೇಪು ಸುತ್ತಿದರೆ ಒಂದು ಗೊಂಚಲು. ಸಾಹೇಬರು ಅದನ್ನು ಹಾರ್ನೆಸ್ ಅನ್ನುತ್ತಿದ್ದರು, ನಾವು ಜಡೆ ಅನ್ನುತ್ತಿದ್ದೆವು.

ಜಡೆ ಕಟ್ಟಲು ನನಗೆ ಕಲಿಸಿದವರು ಅಂತೋಣಿಯಣ್ಣ. ಮೊದಲು ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ, ಎಲೆಕ್ಟ್ರಿಷಿಯನ್ ಆಗಿದ್ದವರು. ಗಣಿಯಲ್ಲಿ ಕೆಲಸ ಕಡಿಮೆಯಾದಾಗ ಶೆಡ್ಡಿಗೆ ಬಂದರು. ಎತ್ತರದ ಆಳು, ಮಾತು ಕಡಿಮೆ, ಆಡಿದರೆ ತಮಿಳು ಕನ್ನಡ ಕಲಸಿ. ಅವರು ಸುತ್ತಿದ ಟೇಪು ಹಾವಿನ ಮೈಯಂತೆ ಒಂದೇ ಸಮ ಇರುತ್ತಿತ್ತು. ಕೊನೆಗೆ ಮೇಣದ ದಾರದಿಂದ ಒಂದು ಗಂಟು. ನೋಡಿದ ಕೂಡಲೇ ಇದು ಅವರ ಕೈ ಎಂದು ಯಾರಾದರೂ ಹೇಳಬಹುದಿತ್ತು.

ಮೊದಲ ವಾರವೇ ಅವರು ನನಗೆ ಒಂದು ಕಟ್ಟಳೆ ಹೇಳಿದರು. ಎಲ್ಲಿಗೂ ಹೋಗದ ತಂತಿಯ ತುದಿ ತೂಗಾಡುತ್ತಿದ್ದರೆ ಬಿಡಬಾರದು. ಕತ್ತರಿಸು, ಮಡಿಸು, ಟೇಪು ಸುತ್ತು.

"ಯಾಕಣ್ಣಾ, ಕರೆಂಟೇ ಇಲ್ಲದ ತುದಿ ಏನು ಮಾಡುತ್ತೆ?" ಅಂದೆ.

"ಕೆಳಗೆ ನನ್ ಪಕ್ಕ ಒಬ್ಬ ಅಂಗೇ ಅಂದ, ರತ್ನಮ್ಮಾ. ಇದು ಸತ್ತ ತಂತಿ ಅಂತ ಕೈಯಲ್ಲಿ ಇಡ್ಕೊಂಡ. ತಂತಿ ಸತ್ತಿರ್ಲಿಲ್ಲ." ಅಷ್ಟು ಹೇಳಿ ಟೇಪು ಸುತ್ತುವುದನ್ನು ಮುಂದುವರಿಸಿದರು. ಗಣಿಯಿಂದ ಬಂದ ಎಲ್ಲರಿಗೂ ಈ ಅಭ್ಯಾಸವಿತ್ತು. ಅವರಿಂದ ನಮ್ಮ ಇಡೀ ಶೆಡ್ಡಿಗೆ ಅಂಟಿತು. ಬೇರೆ ಊರಿನ ವರ್ಕ್‌ಶಾಪುಗಳಲ್ಲಿ ನಾಲ್ಕೈದು ತುದಿಗಳು ನೇತಾಡುತ್ತಲೇ ಇರುತ್ತವೆ. ನಮ್ಮಲ್ಲಿ ಒಂದೂ ಇರುತ್ತಿರಲಿಲ್ಲ.

ಆ ಕಾಲದ ಗಾಡಿಗಳು ಕೆಟ್ಟರೂ ಬಾಯಿಬಿಟ್ಟು ಹೇಳುತ್ತಿದ್ದವು. ಒಂದು ತಂತಿಗೆ ಒಂದು ಕೆಲಸ. ತಂತಿ ಹರಿದರೆ ಅದರ ದೀಪ ಆರುತ್ತದೆ, ಅಷ್ಟೇ. ಆದರೂ ಬೆಚ್ಚಿಬೀಳಿಸುವ ಪ್ರಕರಣಗಳು ಇರಲಿಲ್ಲವೆಂದಲ್ಲ. ಬೇತಮಂಗಲದ ಒಬ್ಬರು ಬಾಡಿಗೆ ವ್ಯಾನು ತಂದರು. ಬ್ರೇಕು ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು, ಇಂಡಿಕೇಟರ್ ಹಾಕಿದರೆ ಬ್ರೇಕಿನ ದೀಪ ಕಣ್ಣು ಹೊಡೆಯುತ್ತಿತ್ತು. ಪಾಪ, ಅವರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ವಿಭೂತಿ ಬಳಿದು, ತಡೆ ಒಡೆಸಿ, ಕೊನೆಗೆ ನಮ್ಮ ಬಾಗಿಲಿಗೆ ಬಂದಿದ್ದರು.

"ಯಾರೋ ಮಾಡ್ಸವ್ರೆ ಕಣಕ್ಕ. ಬಲಕ್ಕೆ ತಿರುಗ್ತೀನಿ ಅಂತ ಆಕಿದ್ರೆ ಇಂದ್ಗಡೆ ಬಸ್ಸೋನು ನಿಂತ್ಕೊಂಡ ಅಂದ್ಕತಾನೆ!"

ಅಂತೋಣಿಯಣ್ಣ ಹಿಂದಿನ ದೀಪದ ಒಳಗೆ ಕೈ ಹಾಕಿ ಒಂದು ಬೋಲ್ಟು ತೋರಿಸಿದರು. ಗಾಡಿಗೆ ಹೊಸ ಬಣ್ಣ ಹೊಡೆದವನು ಆ ಬೋಲ್ಟಿನ ಬುಡಕ್ಕೂ ಹೊಡೆದಿದ್ದ. ಕರೆಂಟು ಗಾಡಿಯ ಮೈಗೆ ವಾಪಸು ಹೋಗುವ ದಾರಿ ಅದು. ಅಲ್ಲಿ ಬಣ್ಣ ಅಡ್ಡ ಬಂದದ್ದರಿಂದ ಅದು ಪಕ್ಕದ ದೀಪದೊಳಗೆ ನುಗ್ಗಿ ದಾರಿ ಹುಡುಕುತ್ತಿತ್ತು. ಚಾಕುವಿನಲ್ಲಿ ಕೆರೆದರು, ಸರಿಹೋಯಿತು. ವ್ಯಾನಿನವರು ಮಾತ್ರ ನಿಂಬೆಹಣ್ಣು ಬಿಚ್ಚಲು ಒಪ್ಪಲಿಲ್ಲ.

ಇನ್ನೊಂದು, ನಮ್ಮ ಸೂಪರ್‌ವೈಸರ್ ಗೋವಿಂದರಾಜು ಅವರದು. ಒಳ್ಳೆಯವರೇ, ಆದರೆ ಯಾವುದೂ ಬೇಗ ಮುಗಿಯಬೇಕು. ತಪ್ಪು ಯಾರದು ಎನ್ನುವುದಂತೂ ಇನ್ನೂ ಬೇಗ ಗೊತ್ತಾಗಬೇಕು. ಅವರ ಜೀಪಿನ ಫ್ಯೂಸು ಪದೇಪದೇ ಹೋಗುತ್ತಿತ್ತು. ಬೇಸತ್ತು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಸಿಕ್ಕಿಸಿಬಿಟ್ಟರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೊರಗೆ ಹೊಗೆ. ಜೀಪಿನ ಜಡೆ ಪೂರ್ತಿ ಸುಟ್ಟು, ರಬ್ಬರು ತೊಟ್ಟಿಕ್ಕುತ್ತಿತ್ತು. ಮರಳು ಎರಚಿ ಆರಿಸಿದವನು ಶೆಡ್ಡಿನ ಡ್ರೈವರ್ ಮುನಿಯಪ್ಪ, ಕ್ಯಾಸಂಬಳ್ಳಿ ಕಡೆಯವನು.

"ಸಾ, ಫ್ಯೂಸು ಸಾಯೋಕೇ ಅಲ್ವಾ ಇರೋದು? ಅದ್ನ ಸಾಯಕ್ಕೂ ಬುಡ್ಲಿಲ್ವಲ್ಲ ನೀವು!" ಅಂದುಬಿಟ್ಟ.

ಎಲ್ಲರೂ ನಕ್ಕರು. ಗೋವಿಂದರಾಜು ನಗಲಿಲ್ಲ. ಆಗ ಮುನಿಯಪ್ಪ ಕುಡಿಯುತ್ತಿದ್ದ ಕಾಲ. "ಏಮಯ್ಯಾ, ಪ್ಯಾಕೆಟ್ ಸಾರಾಯಿ ಮಾತಾಡ್ತಿದ್ಯಾ?" ಎಂದು ಬಾಯಿ ಮುಚ್ಚಿಸಿದರು. ಆಮೇಲೆ ಮುನಿಯಪ್ಪ ಕುಡಿಯುವುದನ್ನು ಪೂರ್ತಿ ಬಿಟ್ಟ. ಆದರೆ ಊರಿನವರು ಬಿಡಬೇಕಲ್ಲ, ಅವನು ಎಡವಿದರೂ ಅದೇ ಮಾತು.

ತೊಂಬತ್ತರ ದಶಕದಲ್ಲಿ ಕೆಲಸದ ರೀತಿಯೇ ಬದಲಾಯಿತು. ಹೊರ ಊರಿನ ಒಂದು ಕಂಪನಿ ಹೊಸ ಬಗೆಯ ಕಾರೊಂದರ ಮೊದಲ ನಮೂನೆಯನ್ನು ವೈರಿಂಗ್ ಮಾಡಿಸಲು ನಮ್ಮ ಶೆಡ್ಡಿಗೆ ತಂದಿತು. ಜೊತೆಗೆ ಶ್ರೀಧರ ಎನ್ನುವ ಇಂಜಿನಿಯರ್ ಬಂದರು. ಕಾರಿನೊಳಗೆ ಅಲ್ಲಲ್ಲಿ ಟಿಫನ್ ಡಬ್ಬಿಯಷ್ಟು ಗಾತ್ರದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ವೇಗ ಹೆಚ್ಚಿಸುವ ಪೆಡಲಿಗೆ ಒಂದು, ಇಂಜಿನ್ನಿಗೆ ಒಂದು, ಮುಂದಿನ ದೀಪಗಳ ಫಲಕಕ್ಕೆ ಒಂದು. ಪೆಡಲಿನಿಂದ ಇಂಜಿನ್ನಿಗೆ ಹೋಗುವ ಉಕ್ಕಿನ ಕೇಬಲ್ಲೇ ಇಲ್ಲ. ಒತ್ತಿದ್ದಾರೆ ಎಂದು ಪೆಡಲಿನ ಪೆಟ್ಟಿಗೆ ತಂತಿಯಲ್ಲಿ ಹೇಳುತ್ತದೆ, ಇಂಜಿನ್ನಿನ ಪೆಟ್ಟಿಗೆ ಕೇಳಿಸಿಕೊಂಡು ಓಡಿಸುತ್ತದೆ. ತೋಳಿನ ದಪ್ಪ ಇರುತ್ತಿದ್ದ ಜಡೆ ಕಿರುಬೆರಳಿಗೆ ಇಳಿದಿತ್ತು. ಎಲ್ಲ ಮಾತೂ ಹೋಗುವುದು ಒಂದಕ್ಕೊಂದು ಹೆಣೆದ ಎರಡೇ ತಂತಿಗಳಲ್ಲಿ.

"ಎಲ್ರೂ ಒಂದೇ ತಂತೀಲಿ ಮಾತಾಡಿದ್ರೆ ಜಗಳ ಬರಲ್ವಾ ಸಾರ್?" ಎಂದು ಅಂತೋಣಿಯಣ್ಣ ಕೇಳಿದರು.

"ಬರಲ್ಲ. ಮುಖ್ಯವಾದ ಮಾತು ಇರೋರು ಮೊದಲು. ಮಿಕ್ಕವರು ಕಾಯ್ತಾರೆ" ಅಂದರು ಶ್ರೀಧರ.

"ಅಪ್ಪಡಿಯಾ! ನಮ್ ಮನೇಲಿ ಇಲ್ದೇ ಇರೋ ಮರ್ಯಾದೆ ಡಬ್ಬಿಗಳಿಗೆ ಐತೆ."

ಜಡೆ ನಾವೇ ಕಟ್ಟಿದೆವು. ನಾನು ಡಬ್ಬಿಗಳ ಕಡೆ, ಅಂತೋಣಿಯಣ್ಣ ಉದ್ದದ ತಂತಿಯ ಕಡೆ. ಶೆಡ್ಡಿನ ಅಂಗಳದಲ್ಲಿ ಕಾರು ಹಾಲು ಕುಡಿದ ಮಗುವಿನಂತೆ ರಗಳೆಯಿಲ್ಲದೆ ಓಡಿತು. ಮರುದಿನ ಬೆಳಿಗ್ಗೆ ಜನರ ಭಾರಕ್ಕೆ ಬದಲು ಹಿಂದಿನ ಸೀಟಿಗೆ ಮರಳಿನ ಮೂಟೆ ತುಂಬಿ ಮುನಿಯಪ್ಪ ಒಬ್ಬನೇ ಕ್ಯಾಸಂಬಳ್ಳಿ ರಸ್ತೆಗೆ ಹೊರಟ.

ಸ್ವಲ್ಪ ಹೊತ್ತಿಗೆ ಹಾಲಿನ ಸೈಕಲ್ಲಿನವನೊಬ್ಬ ಓಡಿಬಂದು, "ನಿಮ್ ಕಾರು ಬಣವೆ ಒಳಕ್ ಓಗೈತೆ!" ಅಂದ. ನಾವೆಲ್ಲ ಜೀಪು ಹತ್ತಿದೆವು.

ಆ ನೋಟ ಇವತ್ತಿಗೂ ಕಣ್ಣ ಮುಂದಿದೆ. ರಸ್ತೆ ಪಕ್ಕದ ಹೊಲದಲ್ಲಿ ಮನೆ ಎತ್ತರದ ರಾಗಿ ಹುಲ್ಲಿನ ಬಣವೆ. ಅದರ ಹೊಟ್ಟೆಯಲ್ಲಿ ಕಾರಿನ ಅರ್ಧ ಮೈ. ರಸ್ತೆಯಲ್ಲಿ ಚದುರಿಹೋದ ಕುರಿಗಳು. ಬಣವೆಯ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತಿದ್ದಳು. "ದನಕ್ಕೆ ಅಂತ ಒಟ್ಟಿದ್ನಲ್ಲೋ, ನಿನ್ ಕಾರು ತಿಂದಾಕ್ತಲ್ಲೋ!" ಮುನಿಯಪ್ಪ ನೆಲದಲ್ಲಿ ಕೂತಿದ್ದ. ತಲೆ ತುಂಬ ಹುಲ್ಲು. ಬಲಗಾಲು ಇನ್ನೂ ಬ್ರೇಕು ಒತ್ತುವಂತೆ ನೆಲ ಒತ್ತುತ್ತಿತ್ತು.

"ಕಾಲು ತಗ್ದೆ ಸಾ. ಪೆಡಲಿಂದ ಕಾಲು ತಗ್ದ್ರೂ ಓಗ್ತಾನೇ ಐತೆ. ಬ್ರೇಕ್ ಒತ್ತಿದ್ರೆ ಎಳಕೊಂಡ್ ಓಗ್ತೈತೆ. ಮುಂದೆ ಕುರಿ, ಕುರಿ ಇಂದೆ ಮುದುಕ. ಇತ್ತ ತಿರುಗಿಸ್ಬುಟ್ಟೆ. ಒಳಕ್ ನುಗ್ಗಿದ್ಮ್ಯಾಲೂ ಗರಗರ ಅಂತಿತ್ತು, ಕೀ ತಿರುಗಿಸಿದ್ ಮ್ಯಾಕೆ ನಿಂತಿದ್ದು."

ಶ್ರೀಧರ ಹುಲ್ಲು ಸರಿಸಿ ಒಳಗೆ ಕೂತು ಕೀ ತಿರುಗಿಸಿದರು. ಕಾರು ತಕರಾರಿಲ್ಲದೆ ಸ್ಟಾರ್ಟ್ ಆಯಿತು. ಪೆಡಲ್ ಒತ್ತಿದರೆ ಏರಿತು, ಬಿಟ್ಟರೆ ಇಳಿಯಿತು. ಎಚ್ಚರಿಕೆಯ ಕೆಂಪು ದೀಪವೂ ಹತ್ತಲಿಲ್ಲ.

ಗೋವಿಂದರಾಜು ಮುನಿಯಪ್ಪನ ಮುಖದ ಹತ್ತಿರ ಬಗ್ಗಿ, ಎಲ್ಲರೆದುರಿಗೆ, ಮೂಸಿದರು. ನನಗೆ ಅಪಘಾತಕ್ಕಿಂತ ಅದೇ ಹೆಚ್ಚು ಎದೆಗೆ ಹೊಡೆಯಿತು.

"ವಾಸನೆ ಇಲ್ಲ" ಅಂದರು. ಆಮೇಲೆ, "ಹುಲ್ಲಿನ ವಾಸನೇಲಿ ಗೊತ್ತಾಗಲ್ಲ" ಅಂದರು.

ಶ್ರೀಧರರು ಕಾರಿನಲ್ಲಿ ದೋಷ ಹುಡುಕಲಿ, ಸಿಕ್ಕದಿದ್ದರೆ ಮುನಿಯಪ್ಪ ಬರುವುದು ಬೇಡ ಎಂದು ತೀರ್ಮಾನವಾಯಿತು. ಕುಡಿದು ಬಣವೆಗೆ ಹೊಡೆದ ಎಂದು ಹೆಸರಾದರೆ ಬಂಗಾರಪೇಟೆಯಲ್ಲಿ ಟ್ರ್ಯಾಕ್ಟರಿಗೂ ಅವನನ್ನು ಯಾರೂ ಹತ್ತಿಸುತ್ತಿರಲಿಲ್ಲ. ಅವನು ದಿನವೂ ಬಂದು ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೂರುತ್ತಿದ್ದ. ಒಳಗೆ ಶ್ರೀಧರ ಕಾರನ್ನು ಜಾಕಿಯ ಮೇಲೆ ಎತ್ತಿ ಚಕ್ರ ತಿರುಗಿಸುತ್ತಲೇ ಇದ್ದರು. ಒಂದು ಸಲವೂ ತಪ್ಪಲಿಲ್ಲ.

ಅವನ ಹೆಂಡತಿ ಲಕ್ಷ್ಮಮ್ಮ ಒಂದು ದಿನ ನನ್ನ ಹಲಗೆಯ ಹತ್ತಿರವೇ ಬಂದಳು. ಕೈಯಲ್ಲಿ ಅವನ ಬುತ್ತಿ.

"ಅಕ್ಕಾ, ಕಾರು ತಾನಾಗಿ ಓಗತ್ತಾ?"

"ಗೊತ್ತಿಲ್ಲ ಕಣಮ್ಮ. ನೋಡ್ತಿದ್ದಾರೆ."

"ನನ್ ತಲೆ ಮುಟ್ಟಿ ಕುಡಿದಿಲ್ಲ ಅಂದ. ನಾನು ಅವನ ಷರ್ಟು ಮೂಸ್ದೆ ಅಕ್ಕಾ." ಅವಳು ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅವನು ನೋಡ್ಬುಟ್ಟ. ಅವತ್ತಿಂದ ನನ್ ಕುಟ್ಟೆ ಮಾತಿಲ್ಲ."

ನಾನು ಅವಳನ್ನು ಕೂರಿಸಿ ನೀರು ಕೊಟ್ಟೆ.

ಕೊನೆಗೆ ಗೊತ್ತಾದದ್ದು ಊಟದ ಹೊತ್ತಿಗೆ. ಶ್ರೀಧರ ತಂತಿಯ ಮೇಲಿನ ಮಾತನ್ನು ಮೀಟರಿನಲ್ಲಿ ನೋಡಲೆಂದು ಕಾರಿನ ಹಿಂಬದಿಯಲ್ಲಿದ್ದ ಆ ಜೋಡಿ ತಂತಿಯ ತುದಿಯನ್ನು ಹುಡುಕಿ ಎಳೆದರು. ಎಳೆದವರು ಹಾಗೇ ಕುಕ್ಕರಗಾಲಿನಲ್ಲಿ ಉಳಿದರು. "ಇಲ್ಲಿ ಒಂದು ಪ್ಲಗ್ ಇತ್ತಲ್ಲ. ಎಲ್ಲಿ?"

ಎಲ್ಲರೂ ಬಗ್ಗಿ ನೋಡಿದೆವು. ಪ್ಲಗ್ ಇರಲಿಲ್ಲ. ತುದಿಯನ್ನು ಕತ್ತರಿಸಿ, ಮಡಿಸಿ, ಟೇಪು ಸುತ್ತಿತ್ತು. ಹಾವಿನ ಮೈಯಂತೆ ಒಂದೇ ಸಮ. ಕೊನೆಗೆ ಮೇಣದ ದಾರದ ಗಂಟು.

ಅಂತೋಣಿಯಣ್ಣ ಮೂಲೆಯಲ್ಲಿ ಊಟ ಮಾಡುತ್ತಿದ್ದರು. ಕೈ ತೊಳೆದರು, ಒರೆಸಿಕೊಂಡರು, ಬಂದರು.

"ನಾನ್ ದಾನ್ ಸಾರ್. ನಾನೇ ಕಟ್ ಮಾಡ್ದೆ. ಎಲ್ಲಿಗೂ ಓಗ್ತಿರ್ಲಿಲ್ಲ, ಸುಮ್ನೆ ತೂಗಾಡ್ತಿತ್ತು."

ನೋಡಿ, ಆ ಪ್ಲಗ್ಗಿನಿಂದ ಮುಂದಕ್ಕೆ ತಂತಿಯಿಲ್ಲ. ಒಳಗೆ ಕರೆಂಟಿಗೆ ತಡೆಯೊಡ್ಡುವ ಒಂದು ಪುಟ್ಟ ರೆಸಿಸ್ಟರ್ ಮಾತ್ರ. ಆದರೆ ಅದಕ್ಕೊಂದು ಕೆಲಸವಿತ್ತು. ತಂತಿಯ ಕೊನೆ ಬರಿದಾಗಿದ್ದರೆ, ಬಾವಿಯೊಳಗೆ ಕೂಗಿದಂತೆ, ಹೇಳಿದ ಮಾತು ಅಲ್ಲಿ ಬಡಿದು ಪ್ರತಿಧ್ವನಿಯಾಗಿ ವಾಪಸು ಬರುತ್ತದೆ. ಬಂದು ಹೊಸ ಮಾತಿನ ಮೇಲೆ ಬೀಳುತ್ತದೆ. ಆ ರೆಸಿಸ್ಟರ್ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಎರಡೂ ತುದಿಗೆ ಒಂದೊಂದು ಬೇಕು. ಒಂದೇ ಇದ್ದರೆ ಹೇಗೋ ನಡೆಯುತ್ತದೆ, ಶೆಡ್ಡಿನಲ್ಲಿ ನಡೆದ ಹಾಗೆ. ರಸ್ತೆಯ ಕುಲುಕಾಟ, ಬಿಸಿ, ಇಂಜಿನ್ನಿನ ಕಿಡಿಯ ಗಲಾಟೆ ಸೇರಿದಾಗ ಮಾತು ಕೆಡುತ್ತದೆ. ಮಾತು ಮೇಲಿಂದ ಮೇಲೆ ಕೆಟ್ಟರೆ ಪೆಡಲಿನ ಪೆಟ್ಟಿಗೆ ತನ್ನಲ್ಲೇ ದೋಷವಿದೆ ಎಂದುಕೊಂಡು, ಬೇರೆಯವರಿಗೆ ತೊಂದರೆ ಬೇಡವೆಂದು ಸಂಭಾಷಣೆಯಿಂದ ಎದ್ದು ಹೋಗುತ್ತದೆ. ಹಾಗೆಂದೇ ಅದನ್ನು ಮಾಡಿದ್ದಾರೆ. ಕೀ ತಿರುಗಿಸಿ ಮತ್ತೆ ಹಾಕಿದರೆ ಏನೂ ಆಗದವರಂತೆ ವಾಪಸು ಬಂದು ಕೂರುತ್ತದೆ.

"ಮತ್ತೆ ಕೆಂಪು ದೀಪ?" ಎಂದು ನಾನು ಕೇಳಿದೆ. "ಅದು ಹತ್ತಬೇಕಿತ್ತಲ್ಲ?"

ಶ್ರೀಧರರ ಮುಖ ನೋಡಬೇಕಿತ್ತು. "ಕೆಟ್ಟಿದ್ದೇನೆ ಅಂತ ಆ ಪೆಟ್ಟಿಗೆ ದೀಪಕ್ಕೆ ಹೇಳಬೇಕಾಗಿದ್ದೂ ಇದೇ ತಂತಿಯಲ್ಲಿ" ಅಂದರು. ನಿಧಾನವಾಗಿ, ತಮಗೇ ಹೇಳಿಕೊಂಡಂತೆ. ಬಾಯಿ ಕಟ್ಟಿದವನು ಕೂಗಿ ಕರೆಯಲಿ ಎಂದು ನಾವೆಲ್ಲ ಕಿವಿ ಕೊಟ್ಟು ಕೂತಿದ್ದೆವು.

ಗೋವಿಂದರಾಜು ಆಗಲೇ ತೀರ್ಪಿಗೆ ಬಂದಿದ್ದರು. "ಸರಿ ಬಿಡಿ, ವೈರಿಂಗ್ ತಪ್ಪು. ಮುನಿಯಪ್ಪ ಒಳಗೆ ಬರಲಿ, ಅಂತೋಣಿ ಹೊರಗೆ ಹೋಗಲಿ."

"ಇಲ್ಲ ಸರ್" ಎಂದು ಶ್ರೀಧರ ಎದ್ದು ನಿಂತರು. "ಪ್ಲಗ್ ಇಲ್ಲದ್ದಕ್ಕೆ ಮಾತು ನಿಂತಿತು. ಮಾತು ನಿಂತ ಮೇಲೂ ಕಾರು ಓಡಿದ್ದು ನನ್ನಿಂದ. ಪೆಡಲಿಂದ ಸುದ್ದಿ ತಪ್ಪಿದರೆ ಕೊನೆಗೆ ಕೇಳಿದ ಮಾತನ್ನೇ ಹಿಡ್ಕೊಂಡಿರು ಅಂತ ಇಂಜಿನ್ನಿನ ಪೆಟ್ಟಿಗೆಗೆ ನಾನೇ ಬರೆದಿದ್ದೆ. ಕ್ಷಣಮಾತ್ರ ತಪ್ಪಿದರೆ ಕಾರು ಜಗ್ಗಬಾರದು ಅಂತ. ಎಷ್ಟು ಹೊತ್ತು ಹಿಡ್ಕೊಂಡಿರಬೇಕು ಅಂತ ಬರೆಯಲೇ ಇಲ್ಲ. ಪ್ಲಗ್ ಅಲ್ಲದಿದ್ದರೆ ಇಲಿ ಕಡೀತಿತ್ತು, ನೀರು ಹೋಗ್ತಿತ್ತು. ಆಗ ಬಣವೆ ಇರ್ತಿರಲಿಲ್ಲ."

ನಾನು ಇಷ್ಟು ವರ್ಷದಲ್ಲಿ ಎಷ್ಟೋ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಪ್ಪನ್ನು ಬೇರೆಯವರು ಒಪ್ಪಿಕೊಂಡಾದ ಮೇಲೆ ತಾನೂ ಬಂದು ಹೆಗಲು ಕೊಟ್ಟವರನ್ನು ಬೇರೆ ಕಾಣಲಿಲ್ಲ. ಗೋವಿಂದರಾಜು ಇಬ್ಬರನ್ನೂ ನೋಡಿ, ಯಾರನ್ನು ಬೈಯಬೇಕೆಂದು ತೋಚದೆ ಒಳಗೆ ಹೋದರು.

ಹೊಸ ಪ್ಲಗ್ ಹಾಕಿ ಅದಕ್ಕೆ ಕೆಂಪು ಚೀಟಿ ಕಟ್ಟಿದೆವು. "ತೆಗೆಯಬೇಡಿ" ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿದೆ. ನಕಾಶೆಯಲ್ಲಿ ಸುಮ್ಮನೆ ಒಂದು ಚೌಕವಾಗಿದ್ದುದಕ್ಕೆ ಶ್ರೀಧರ ಹೆಸರು ಕೊಟ್ಟರು. ಪೆಡಲಿನ ಪೆಟ್ಟಿಗೆ ಈಗ ಸುದ್ದಿ ಇರಲಿ ಬಿಡಲಿ, "ಇದ್ದೇನೆ, ಇದ್ದೇನೆ" ಎನ್ನುತ್ತಲೇ ಇರಬೇಕು. ಅದು ಕೇಳಿಸದಿದ್ದರೆ ಇಂಜಿನ್ ತಾನಾಗಿ ತಗ್ಗಬೇಕು. ಕೆಂಪು ದೀಪವನ್ನು ತಿರುಗುಮುರುಗು ಮಾಡಿದರು. ಮೊದಲು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಹತ್ತುತ್ತಿತ್ತು. ಈಗ ಎಲ್ಲ ಸರಿಯಿದೆ ಎಂದು ಹೇಳುತ್ತಿದ್ದರೆ ಮಾತ್ರ ಆರಿರುತ್ತದೆ. ಸುದ್ದಿಯೇ ಇಲ್ಲದಿರುವುದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ, ಹೊಸಬರೇ. ನಾನು ನಿಮಗೆ ಬಿಟ್ಟುಹೋಗಬಹುದಾದ ಮಾತು ಇದೊಂದೇ.

ಉಳಿದದ್ದು ಓಡಿಸಿ ನೋಡುವುದು. ಓಡುತ್ತಿರುವ ಕಾರಿನಲ್ಲಿ ಬೇಕೆಂದೇ ತಂತಿ ಕಿತ್ತು ನೋಡಬೇಕಿತ್ತು. ಗಣಿಯ ಮಣ್ಣಿನ ದಿಬ್ಬಗಳ ಪಕ್ಕದ ಬಯಲಿಗೆ ಕಾರು ಒಯ್ದೆವು. ಬೇರೆ ಡ್ರೈವರನ್ನು ಕರೆಸೋಣ ಎಂದು ಗೋವಿಂದರಾಜು ಅಂದಾಗ ಮುನಿಯಪ್ಪ ಆಗಲೇ ಸ್ಟೇರಿಂಗ್ ಹಿಂದೆ ಕೂತಿದ್ದ.

"ನಾನೇ ಬುಡೋದು ಸಾ. ಕೀಳೋಕೆ ಅಂತೋಣಿಯಣ್ಣ ಕೂತ್ಕಳ್ಲಿ. ಮೊದ್ಲು ಕಿತ್ತೋನು ಅವನೇ ಅಲ್ವಾ?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅಂತೋಣಿಯಣ್ಣ ಪಕ್ಕದ ಸೀಟಿಗೆ ಹತ್ತಿ, ಪೆಡಲಿನ ಪೆಟ್ಟಿಗೆಯ ಸಾಕೆಟ್ಟಿನ ಮೇಲೆ ಕೈಯಿಟ್ಟರು. ಕಾರು ಧೂಳೆಬ್ಬಿಸುತ್ತ ದೂರ ಹೋಯಿತು, ತಿರುಗಿತು, ನೇರ ನಮ್ಮ ಕಡೆ ಬಂತು. ಗಂಡನ ಬುತ್ತಿ ತಂದಿದ್ದ ಲಕ್ಷ್ಮಮ್ಮ ನನ್ನ ಪಕ್ಕ ನಿಂತಿದ್ದಳು. ನನ್ನ ಮೊಣಕೈಯನ್ನು ಹಿಡಿದ ಅವಳ ಬೆರಳು ಚರ್ಮಕ್ಕೆ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಇಂಜಿನ್ ಸದ್ದು ಕುಸಿಯಿತು. ಕಾರು ತೆವಳಿ, ತೆವಳಿ, ನಮ್ಮಿಂದ ಸಾಕಷ್ಟು ದೂರದಲ್ಲೇ ನಿಂತಿತು.

ನಾವು ಓಡಿದೆವು. ಮುನಿಯಪ್ಪ ಬಾಗಿಲು ತೆರೆದಿದ್ದ, ಇಳಿದಿರಲಿಲ್ಲ. ಅವನ ಕಾಲು ಇನ್ನೂ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿದಿತ್ತು. ಇಂಜಿನ್ ಸಣ್ಣಗೆ ಗುನುಗುತ್ತಿತ್ತು. ಕೆಂಪು ದೀಪ ಉರಿಯುತ್ತಿತ್ತು. ಅಂತೋಣಿಯಣ್ಣನ ಕೈಯಲ್ಲಿ ಕಿತ್ತ ತಂತಿ.

"ನೋಡು, ಒತ್ತೇ ಇದೀನಿ" ಎಂದು ಅವನು ಅಂದದ್ದು ಹೆಂಡತಿಗೆ. "ಓಗ್ತಿಲ್ಲ."

ಲಕ್ಷ್ಮಮ್ಮ ಅವನ ಕಾಲನ್ನು ನೋಡಿದಳು, ದೀಪವನ್ನು ನೋಡಿದಳು. ಬುತ್ತಿಯನ್ನು ನನ್ನ ಕೈಗಿಟ್ಟಳು. ಹಿಂದಿನ ಬಾಗಿಲು ತೆಗೆದು, ಮರಳಿನ ಮೂಟೆಯನ್ನು ಅತ್ತ ನೂಕಿ, ಒಳಗೆ ಕೂತು ಸೆರಗು ಸರಿಮಾಡಿಕೊಂಡಳು.

"ಇನ್ನೂ ಜೋರಾಗಿ ಬುಡು" ಅಂದಳು ಗಂಡನಿಗೆ. "ಅಣ್ಣಾ, ನೀನು ಯಾರ್ನೂ ಕೇಳ್ದೆ ಕಿತ್ತಾಕು."